ಹಸಿರು ಗುಂಡಿ ಒತ್ತಿ ಗುಂಡಿಗೆ ಬಿದ್ದ ಡಯಟಿಷಿಯನ್

"ಈ ವಾರ ಮುಗಿಯೋದರೊಳಗೆ ನನ್ನ ಕ್ಲಿನಿಕ್ಕಿನಲ್ಲಿ ಒಂದು ಚೂರು ಕಾಗದವೂ ಇರಕೂಡದು!" ಎಂದು ಕಾಫಿ ಲೋಟ ಎತ್ತಿ ಹಿಡಿದು ಘೋಷಿಸಿದೆ.

ನನ್ನ ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವವರು. ಕಾಗದವೆಂದರೆ ಅವರಿಗೆ ಪ್ರಾಣ. "ಹನ್ನೊಂದು ವರ್ಷದ ನಿನ್ನ ರಿಜಿಸ್ಟರುಗಳು?" ಎಂದು ಕಂಗಾಲಾಗಿ ಕೇಳಿದರು.

"ಎಲ್ಲಾ ಕಂಪ್ಯೂಟರಿನೊಳಗೆ! ಸಾಫ್ಟ್‌ವೇರ್ ಆರಿಸೋದೊಂದೇ ಬಾಕಿ. ಅರವತ್ತನಾಲ್ಕು ಜನರ ಹೊಟ್ಟೆ ಆಳ್ತಿರೋಳು ನಾನು. ಇದೊಂದು ಲೆಕ್ಕವಾ?"

"ಆಳು ತಾಯಿ, ಆಳು. ಅಳೋ ಹಾಗಾಗದಿದ್ರೆ ಸರಿ," ಎಂದರು ಅತ್ತೆ.

ಯಾರು ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಂದು ಹೇಳುವುದೇ ನನ್ನ ಕಸುಬು. ಕ್ಲಿನಿಕ್ ಎಂದರೆ ಲಾಂಡ್ರಿಯ ಮೇಲಿನ ಎರಡು ಕೋಣೆ. ಮಧ್ಯಾಹ್ನವಾದರೆ ಕೆಳಗಿನ ಇಸ್ತ್ರಿಯ ಹಬೆ ಕಿಟಕಿಯಲ್ಲಿ ತೇಲಿ ಬರುತ್ತದೆ. ಆ ಬಿಸಿಬಟ್ಟೆಯ ವಾಸನೆಗೆ ರೆಪ್ಪೆ ತಾನಾಗಿ ಜಗ್ಗುತ್ತದೆ. ಎದುರಿಗೆ ಕೂತವರು ಮಲಬದ್ಧತೆಯ ಬಗ್ಗೆ ಹೇಳುತ್ತಿದ್ದರೂ ನನಗೆ ಯಾವುದೋ ದೂರದ ಕೊಳ ಕಾಣಿಸುತ್ತದೆ. ಇಂಥ ಹೊತ್ತಿನಲ್ಲೇ ನಾನು ಸಾಫ್ಟ್‌ವೇರ್ ಪರೀಕ್ಷೆಗೆ ಕೂತದ್ದು.

ಮೂರನ್ನು ತರಿಸಿಕೊಂಡಿದ್ದೆ. ಮೊದಲನೆಯದಕ್ಕೆ "ಒಂದು ಹಿಡಿ ದ್ರಾಕ್ಷಿ" ಎಂದು ಬರೆದೆ. "ಹಿಡಿ ಎಂಬ ಆಹಾರ ಸಿಗಲಿಲ್ಲ. ಹಂದಿ ಎಂದಿರಾ?" ಎಂದಿತು. ಹಿಡಿ ಗೊತ್ತಿಲ್ಲದ ಸಾಫ್ಟ್‌ವೇರ್ ನನಗೆ ಹಿಡಿಸಲಿಲ್ಲ!

ಎರಡನೆಯದು ನೋಡಲು ಎಷ್ಟು ಚೆಂದವಿತ್ತು! ಮಾರುವವನು ಹೇಳಿದ್ದನೆಂದು ಬೆಳಗ್ಗೆಯೇ ಎಲ್ಲ ರೋಗಿಗಳ ಹೆಸರು, ಫೋನ್ ನಂಬರು ಅದರೊಳಗೆ ತುಂಬಿಸಿದ್ದೆ. ಲೆಕ್ಕ ಸರಿಯಾಗಿ ಮಾಡುತ್ತದೋ ಇಲ್ಲವೋ ನೋಡಲು ಒಬ್ಬರ ನಿಜವಾದ ಊಟದ ವಿವರ ಬೇಕಿತ್ತು. ಯಾರು ನೋಡುತ್ತಾರೆ ಎಂದುಕೊಂಡು ನಾನೇ ಹಿಂದಿನ ದಿನ ತಿಂದದ್ದನ್ನು ಪ್ರಾಮಾಣಿಕವಾಗಿ ಬರೆದೆ:

"ಹನ್ನೊಂದೂವರೆ: ಫ್ರಿಜ್ ಬಾಗಿಲು ತೆರೆದು, ನಿಂತು, ಅರ್ಧ ತುಂಡು ಕೇಕ್. ಹನ್ನೊಂದು ನಲವತ್ತು: ಉಳಿದರ್ಧ. ಒಂಟಿಯಾಗಿ ಬಿಡಲು ಮನಸ್ಸಾಗಲಿಲ್ಲ. ನಾಲ್ಕು ಗಂಟೆ: ಮತ್ತೆ ಕೇಕ್. ಕಾರಣ: ಬೇಸರ."

ತೆರೆಯ ಮೇಲೆ ನೀಲಿ, ಹೊನ್ನಿನ ಬಣ್ಣದ ವೃತ್ತಗಳು ಮೆಲ್ಲಗೆ ಅರಳತೊಡಗಿದವು. ಹಬೆ ತೇಲುತ್ತಿತ್ತು. ನಾನೂ ತೇಲುತ್ತಿದ್ದೆ. ಗೋಡೆಯಿಲ್ಲದ ಬಿಳೀ ಕ್ಲಿನಿಕ್ಕು, ಹಕ್ಕಿಗರಿಯಷ್ಟು ಹಗುರಾದ ರೋಗಿಗಳು ಸಾಲಾಗಿ ಗಾಳಿಯಲ್ಲಿ ಬಂದು ನನಗೆ ತಲೆಬಾಗಿ ಹೋಗುತ್ತಿದ್ದಾರೆ... ತೆರೆಯ ಮೂಲೆಯಲ್ಲೊಂದು ಹಸಿರು ಗುಂಡಿ ಎಳೆಚಿಗುರಿನಂತೆ ಮಿನುಗಿತು. ಮುಟ್ಟಿದೆ.

"ನಿಮ್ಮ ಆಹಾರಕ್ರಮವನ್ನು ಅರವತ್ತನಾಲ್ಕು ಜನರಿಗೆ ಕಳುಹಿಸಲಾಗಿದೆ!"

ಗುಂಡಿ ಒತ್ತಿದೆ, ಗುಂಡಿಗೆ ನಿಂತಿತು, ಗುಂಡಿಗೆ ಬಿದ್ದೆ!

ಮೊದಲ ಫೋನು ನಿವೃತ್ತ ಹೆಡ್‌ಮಿಸ್ ಅವರದು. "ಕೇಕನ್ನ ನಿಂತೇ ತಿನ್ನಬೇಕಾ? ನನಗೆ ಮೊಣಕಾಲು ನೋವು. ಕೂತು ತಿಂದ್ರೆ ನಡೆಯುತ್ತಾ?"

"ತಿನ್ನಲೇಬೇಡಿ! ಅದು ತಪ್ಪಿ ಬಂದದ್ದು!"

"ಅಯ್ಯೋ, ಹನ್ನೊಂದು ವರ್ಷಕ್ಕೆ ಇದೊಂದು ಒಳ್ಳೇ ಡಯಟ್ ಕೊಟ್ಟಿದ್ರಿ!"

ಗಂಡನನ್ನೂ ಅತ್ತೆಯನ್ನೂ ಕರೆಸಿ ಪಟ್ಟಿ ಹಂಚಿದೆ. ಮೂವರೂ ಮೂರು ಫೋನು ಹಿಡಿದು "ತಿನ್ನಬೇಡಿ, ತಿನ್ನಬೇಡಿ" ಎಂದು ಜಪ ಮಾಡಿದೆವು. ಅರವತ್ತಮೂರು ಜನ ಸಿಕ್ಕರು. ಬಸ್ ಡ್ರೈವರ್ ಒಬ್ಬರು ಸಿಗಲಿಲ್ಲ. ಅವರಿಗೆ ವಿಪರೀತ ಸಕ್ಕರೆ ಕಾಯಿಲೆ. ಐದು ತಿಂಗಳಿಂದ ಎಷ್ಟು ಪಥ್ಯ ಹೇಳಿದರೂ ಸಕ್ಕರೆ ಇಳಿದಿರಲಿಲ್ಲ. ನಾನು ಏನು ಬರೆದು ಕೊಟ್ಟರೂ ಕಣ್ಣಿಗೊತ್ತಿಕೊಂಡು ಒಯ್ಯುವ ಮನುಷ್ಯ!

ಡಿಪೋಗೆ ಓಡಿದೆ. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಸಾಲು ಸಾಲು ಖಾಲಿ ಬಸ್ಸುಗಳು ಬಿಸಿಲು ಕಾಯುತ್ತ ಮಲಗಿದ್ದವು. ಕೊನೆಯ ಬಸ್ಸಿನ ಕೊನೆಯ ಸೀಟಿನಲ್ಲಿ ಆತ ಕೂತಿದ್ದರು. ತೊಡೆಯ ಮೇಲೆ ಒಗೆದ ಕರವಸ್ತ್ರ, ಅದರ ಮೇಲೆ ಕೇಕಿನ ಡಬ್ಬಿ, ಕಣ್ಣು ಗಡಿಯಾರದ ಮೇಲೆ.

"ಬನ್ನಿ ಮೇಡಂ. ನಾಲ್ಕು ಆಗಿ ಎರಡು ನಿಮಿಷ ಆಯ್ತು. ಕಾರಣ ಬೇಸರ ಅಂತ ಬರೆದಿದ್ದೀರಿ. ಬೇಸರ ಬರಲಿ ಅಂತ ಕಾಯ್ತಿದ್ದೀನಿ."

ಡಬ್ಬಿ ಕಿತ್ತುಕೊಂಡೆ. "ಇದು ನಿಮ್ಮದಲ್ಲ, ನನ್ನದು!"

"ಕೇಕಾ?"

"ಊಟದ ಡೈರಿ!"

ಅವರು ತೊಡೆಯ ಮೇಲಿನ ಕರವಸ್ತ್ರ ಮಡಚಿಟ್ಟರು. "ಅಂದ್ರೆ... ನೀವೂ ಫ್ರಿಜ್ ಮುಂದೆ ನಿಂತು...?"

ತಲೆಯಾಡಿಸಿದೆ. ಕಣ್ಣಲ್ಲಿ ನೀರು ಬಂದಿತ್ತು, ಓಡಿದ್ದಕ್ಕೋ ನಾಚಿಕೆಗೋ ತಿಳಿಯದು.

ಕಿಟಕಿಯಾಚೆ ನೋಡುತ್ತ ಅವರು ಮೆಲ್ಲಗೆ ಹೇಳಿದರು: "ಐದು ತಿಂಗಳಿಂದ ನಿಮಗೆ ಬರೆದು ಕೊಟ್ಟಿದ್ದೆಲ್ಲ ಸುಳ್ಳು ಮೇಡಂ. ನೀವು ಬೈತೀರಿ ಅಂತ ಭಯ. ಪ್ರತಿ ಟ್ರಿಪ್ಪಿಗೂ ಒಂದು ಸಿಹಿ ಬನ್ ಇದ್ದೇ ಇದೆ."

ಆ ನಿಂತ ಬಸ್ಸಿನಲ್ಲಿ ನಾವಿಬ್ಬರೂ ಪ್ರಯಾಣಿಕರಂತೆ ಅಕ್ಕಪಕ್ಕ ಕೂತೆವು. ಧೂಳಿನ ಕಣಗಳು ಬಿಸಿಲಲ್ಲಿ ಈಜುತ್ತಿದ್ದವು. ಆಮೇಲೆ ಸೀಟಿನಡಿ ಬಿದ್ದಿದ್ದ ಟಿಕೆಟ್ಟಿನ ಬೆನ್ನ ಮೇಲೆ ಇಬ್ಬರೂ ಸೇರಿ, ಮೊದಲ ಸಲ ನಿಜವಾದ ಲೆಕ್ಕ ಬರೆದೆವು.

ಕೊನೆಗೆ ಮೂರನೆಯ ಸಾಫ್ಟ್‌ವೇರನ್ನೇ ಆರಿಸಿದೆ. ನೋಡಲು ಬೂದುಬಣ್ಣ, ಸಪ್ಪೆ. ಆದರೆ ಏನು ಕಳಿಸುವ ಮೊದಲೂ "ನಿಜವಾಗಿಯೂ? ಯಾರಿಗೆ? ಇನ್ನೊಮ್ಮೆ ಯೋಚಿಸಿ" ಎಂದು ಮೂರು ಸಲ ಕೇಳುತ್ತದೆ. ಥೇಟ್ ನನ್ನ ಗಂಡ!

ಮುಂದಿನ ಸೋಮವಾರ ಕ್ಲಿನಿಕ್ಕಿನ ಬೆಂಚು ತುಂಬಿ ಮೆಟ್ಟಿಲವರೆಗೂ ಜನ! ಕೇಕಿನ ಪಟ್ಟಿ ನನ್ನದೇ ಎಂದು ಡ್ರೈವರ್ ಬಾಯಿಂದ ಕೇಳಿ, ಎಲ್ಲರೂ ತಮ್ಮ ತಮ್ಮ ಸುಳ್ಳು ಒಪ್ಪಿಕೊಳ್ಳಲು ಬಂದವರು. ಒಬ್ಬರ ದಿಂಬಿನಡಿಯ ಬಿಸ್ಕತ್ತು, ಇನ್ನೊಬ್ಬರ ಔಷಧಿ ಡಬ್ಬಿಯೊಳಗಿನ ಚಾಕೊಲೇಟು! ಎಲ್ಲವನ್ನೂ ಗಂಭೀರವಾಗಿ ದಾಖಲಿಸಿ, ದೊಡ್ಡ ಮನಸ್ಸಿನಿಂದ ಕ್ಷಮಿಸಿ, ಕುರ್ಚಿಗೆ ಒರಗಿದೆ.

ಹೆಡ್‌ಮಿಸ್ ಎದ್ದು ನಿಂತರು. ಕೊಡೆಯ ತುದಿಯಿಂದ ಮೂಲೆಯಲ್ಲಿದ್ದ ತೂಕದ ಯಂತ್ರ ತೋರಿಸಿದರು. "ನಮ್ಮದೆಲ್ಲ ಆಯ್ತು. ಈಗ ನೀವು ಹತ್ತಿ."

"ನಾನಾ?"

"ಹತ್ತಿ, ಹತ್ತಿ!" ಬೆಂಚಿಗೆ ಬೆಂಚೇ ಕೂಗಿತು.

ಚಪ್ಪಲಿ ಬಿಚ್ಚಿದೆ. ಗಡಿಯಾರ ಬಿಚ್ಚಿದೆ. ಓಲೆಯನ್ನೂ ಬಿಚ್ಚಿಟ್ಟು, ಹೊಟ್ಟೆ ಒಳಗೆಳೆದು, ಉಸಿರು ಬಿಗಿಹಿಡಿದು ಹತ್ತಿದೆ.

ಡ್ರೈವರ್ ಬಗ್ಗಿ ಮುಳ್ಳು ನೋಡಿ, ಅನುಕಂಪದಿಂದ ಹೇಳಿದರು:

"ಉಸಿರು ಬಿಡಿ ಮೇಡಂ. ಹಿಡಿದ್ರೆ ತೂಕ ಇಳಿಯಲ್ಲ ಅಂತ ಹೋದ ತಿಂಗಳು ನೀವೇ ನನಗೆ ಬೈದಿದ್ರಿ!"