ಬಾಯಿಲ್ಲದ ಭಾನುವಾರ

ಒಂದೇ ಒಂದು ದಿನ ಯಾರ ಬಾಯೊಳಗೂ ಇಣುಕದೆ ಕಳೆಯಬೇಕು. ಪಟ್ಟಣದ ಹಲ್ಲಿನ ಡಾಕ್ಟರು ಹೆಂಡತಿಯೊಡನೆ ಸರೋವರದ ದಂಡೆಯ ಉದ್ಯಾನದಲ್ಲಿ ಟೆಂಟು ಹಾಕಲು ಬಂದದ್ದೇ ಈ ಆಸೆಯಿಂದ. ಬಸ್ಸಿರಲಿ, ಮದುವೆಮನೆಯಿರಲಿ, ಅವರ ಕಸುಬು ಗೊತ್ತಾದದ್ದೇ ತಡ, ಪಕ್ಕದವರು ಗೂಡಿನ ಮರಿಗಳ ಹಾಗೆ ಬಾಯಿ ತೆರೆದುಬಿಡುತ್ತಿದ್ದರು.

ಅದಕ್ಕೇ ಪಕ್ಕದ ಟೆಂಟಿನ ಮೇಷ್ಟ್ರು, "ತಾವೇನು ಕೆಲಸ ಮಾಡ್ತೀರಿ?" ಎಂದಾಗ ಡಾಕ್ಟರು ಥಟ್ಟನೆ ಹೇಳಿಬಿಟ್ಟರು: "ಮೆಕ್ಯಾನಿಕ್ಕು."

ಸೌತೆಕಾಯಿ ಹೆಚ್ಚುತ್ತಿದ್ದ ಹೆಂಡತಿ ಚಾಕು ನಿಲ್ಲಿಸಿ ಗಂಡನ ಮುಖ ನೋಡಿದಳು. ಮನೆಯಲ್ಲಿ ಬಲ್ಬು ಬದಲಿಸಲೂ ಆಳು ಕರೆಸುವ ಪುಣ್ಯಾತ್ಮ.

"ಒಳ್ಳೆ ಹೊತ್ತಿಗೆ ಸಿಕ್ಕಿದ್ರಿ," ಎಂದರು ಮೇಷ್ಟ್ರು. "ನಮ್ಮ ಗ್ಯಾಸ್ ಒಲೆ ಬೆಳಿಗ್ಗೆಯಿಂದ ಬರೀ ಬುಸುಗುಡ್ತಿದೆ."

ಡಾಕ್ಟರು ಹೆಂಡತಿಯ ತಲೆಯಿಂದ ಒಂದು ಹೇರ್‌ಪಿನ್ನು ಕಿತ್ತು, ದವಡೆಹಲ್ಲಿನ ಬೇರು ಸ್ವಚ್ಛ ಮಾಡುವ ನಾಜೂಕಿನಿಂದ ಬರ್ನರಿನ ತೂತುಗಳನ್ನು ಕೆರೆದರು. ಅಭ್ಯಾಸಬಲ, "ನೋವಾದ್ರೆ ಕೈ ಎತ್ತಿ," ಎಂದು ಒಲೆಗೂ ಹೇಳಿದರು. ಒಲೆ ನೀಲಿಯಾಗಿ ಹೊತ್ತಿಕೊಂಡಿತು.

ಸುದ್ದಿ ಹೊಗೆಗಿಂತ ಬೇಗ ಹಬ್ಬಿತು. ಮಧ್ಯಾಹ್ನದ ಹೊತ್ತಿಗೆ ಚೈನು ಬಿದ್ದ ಸೈಕಲ್ಲು, ಉಸಿರು ನಿಂತ ರೇಡಿಯೊ, ತುಳಿದಷ್ಟೂ ಹಿಂದಕ್ಕೇ ಹೋಗುವ ಪೆಡಲ್ ದೋಣಿ, ಎಲ್ಲ ಅವರ ಟೆಂಟಿನ ಮುಂದೆ ಸಾಲುಗಟ್ಟಿದವು. ಡಾಕ್ಟರು ಇನ್ನೂ ನೀರಿಗೆ ಕಾಲೂ ಅದ್ದಿರಲಿಲ್ಲ.

"ಕ್ಲಿನಿಕ್ಕಲ್ಲಾದ್ರೆ ಕೂರೋಕೆ ಸ್ಟೂಲಾದ್ರೂ ಇರುತ್ತಲ್ರೀ," ಎಂದು ಹೆಂಡತಿ ಪಿಸುಗುಟ್ಟಿದಳು.

"ಇರ್ಲಿ ಬಿಡೇ. ಇವ್ಯಾವಕ್ಕೂ ಬಾಯಿಲ್ವಲ್ಲ, ಅದೇ ಪುಣ್ಯ."

ಸಂಜೆ ಮೇಷ್ಟ್ರು ಏದುಸಿರು ಬಿಡುತ್ತ ಬಂದರು. "ಸ್ವಲ್ಪ ನಮ್ಮ ಕಾರು ನೋಡಿ ಸಾರ್. ಸ್ಟಾರ್ಟೇ ಆಗ್ತಿಲ್ಲ. ಅರ್ಜೆಂಟಾಗಿ ಪಟ್ಟಣಕ್ಕೆ ಹೋಗ್ಬೇಕು."

ಬಾನೆಟ್ ತೆರೆದರೆ ಒಳಗೆ ಪೈಪು ವಯರುಗಳ ಕಾಡು. ಡಾಕ್ಟರು ಮೊಣಕೈವರೆಗೆ ಎಣ್ಣೆ ಮೆತ್ತಿಕೊಂಡು ಅಲ್ಲಿಷ್ಟು ಇಲ್ಲಿಷ್ಟು ತಟ್ಟಿದರು. ಸುತ್ತ ಜನ ಸೇರಿದರು.

"ಬ್ಯಾಟರಿನಾ?"

"ಇರಬಹುದು."

"ಪ್ಲಗ್ಗಾ?"

"ಅದೂ ಇರಬಹುದು."

"ನೀವು ನಿಧಾನಕ್ಕೆ ಮಾಡಿ," ಎಂದರು ಮೇಷ್ಟ್ರು. "ಅಷ್ಟರಲ್ಲಿ ನಾನು ಅಲ್ಲಿಗೊಂದು ಫೋನ್ ಮಾಡ್ತೀನಿ. ಅಮ್ಮನಿಗೆ ವಿಪರೀತ ಹಲ್ಲುನೋವು. ಪಟ್ಟಣದ ಹಲ್ಲಿನ ಡಾಕ್ಟ್ರ ನಂಬರು ಉದ್ಯಾನದ ಗೇಟಿನವರು ಕೊಟ್ಟಿದ್ದಾರೆ."

ಡಾಕ್ಟರು ಗಾಬರಿಯಿಂದ ತಲೆ ಎತ್ತಿದ್ದಕ್ಕೂ ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿದ್ದಕ್ಕೂ ಸರಿಹೋಯಿತು.

ಮೇಷ್ಟ್ರು ಕಟ್ ಮಾಡಿದರು. ಜೇಬು ಸುಮ್ಮನಾಯಿತು. ಮತ್ತೆ ಒತ್ತಿದರು. ಜೇಬು ಮತ್ತೆ ಹಾಡಿತು. ಗುಂಪೆಲ್ಲ ಜೇಬನ್ನೇ ನೋಡಿತು.

ಕಾರಿನ ಹಿಂಬಾಗಿಲು ತೆರೆಯಿತು. ಒಂದು ಕೆನ್ನೆ ಊದಿಸಿಕೊಂಡ ಮೇಷ್ಟ್ರ ತಾಯಿ ನಿಧಾನವಾಗಿ ಇಳಿದು ಬಂದು ಡಾಕ್ಟರ ಎಣ್ಣೆಗೈ ನೋಡಿದರು.

"ಹೋಗಿ ಕೈ ತೊಳ್ಕೊಂಡು ಬಾ ಮಗಾ. ಇದಾದ್ಮೇಲೆ ಕಾರು ನೋಡುವಿಯಂತೆ," ಎಂದು ಬಾಯಿ ಅಗಲಿಸಿದರು. ಅವರ ಹಿಂದೆ ಆಗಲೇ ನಾಲ್ಕು ಜನ ನಿಂತಾಗಿತ್ತು.