ಗಾಡಿಗೆ ಹಾಸಿದ ಕೌದಿ

“ಅವ್ವಾ, ಅಜ್ಜ ತನ್ನ ಕೌದಿ ಗಾಡಿಗ್ಯಾಕ ಹಾಸಾಕತ್ತಾನ? ಗಾಡಿಗೂ ಥಂಡಿ ಹತ್ತೈತೇನು?”

ನಾನು ಓಡಿಸುತ್ತಿದ್ದ ಬಾಡಿಗೆ ಜೀಪು ಹಿಮಾಲಯದ ಸ್ಪಿತಿ ಕಣಿವೆಯ ಹಳ್ಳವೊಂದರ ನಟ್ಟನಡುವೆ ಕೂತುಬಿಟ್ಟಾಗ ಮಗಳು ಕೇಳಿದ ಪ್ರಶ್ನೆ ಇದು. ಉತ್ತರ ಗೊತ್ತಿತ್ತು. ಹೇಳಲು ಬಾಯಿ ಬರಲಿಲ್ಲ.

ಊರು ಬಿಡುವಾಗ ಬಾಯಿಗೇನೂ ಬರವಿರಲಿಲ್ಲ!

“ಮಳಿಗಾಲದಾಗ ಹತ್ತಿಮತ್ತೂರಿನ ಎರಿ ಮಣ್ಣಿನ ಕೆಸರಾಗ ಕಾರು ಹೊಡದಾಕಿ ನಾ! ಹಿಮಾಲಯ ಯಾವ ಗಿಡದ ತಪ್ಪಲ?” ಎಂದು ಗಂಡ ಲೋಹಿತನೆದುರು ಗುಡುಗಿದ್ದೆ.

“ಗಿಡದ್ದಲ್ಲ, ಗುಡ್ಡದ ತಪ್ಪಲ. ಹುಷಾರ!” ಅಂದಿದ್ದ.

ಮಾವ ಭರಮಪ್ಪನವರು ಹಿರೇಬೆಂಡಿಗೇರಿಯಲ್ಲಿ ನಲವತ್ತು ವರ್ಷ ಟ್ರ್ಯಾಕ್ಟರ್ ಹೊಡೆದವರು. ಹೋದ ವರ್ಷ ಅತ್ತೆ ಗುತ್ತೆವ್ವ ತೀರಿಕೊಂಡಮೇಲೆ ಮಾತನ್ನೇ ಬಿಟ್ಟಿದ್ದರು. ಮನಸ್ಸು ಹಗುರಾದೀತೆಂದು ಕರೆತಂದಿದ್ದೆವು. ಅವರು ಕಟ್ಟಿಕೊಂಡದ್ದು ಎರಡೇ: ಅತ್ತೆ ತಮ್ಮ ಹಳೇ ಸೀರೆಗಳಿಂದ ಹೊಲಿದ ಕೌದಿ, ಮತ್ತೆ ನಾಲ್ಕು ಗೋಣಿಚೀಲ.

“ಹಿಮಾಲಯದಾಗ ಗೋವಿನಜೋಳ ತುಂಬ್ತೀರೇನ್ರಿ ಮಾವಾರ?” ಎಂದು ನಕ್ಕು, ಅವರಿಗೆ ತಿಳಿಯದಂತೆ ಚೀಲಗಳನ್ನು ಮನೆಯಲ್ಲೇ ಬಿಟ್ಟೆ. ಆ ಜಾಗಕ್ಕೆ ಚಕ್ಕುಲಿ ಡಬ್ಬಿ ಏರಿತು!

ಬಿಸಿಲೇರಿದರೆ ಮೇಲಿನ ಹಿಮ ಕರಗಿ ಹಳ್ಳ ತುಂಬುತ್ತದೆ, ಮುಂಜಾನೆಯೇ ದಾಟಿ ಎಂದು ಅಲ್ಲಿನವರು ಹೇಳಿದ್ದರು. ನಾನು ಫೋಟೋ ತೆಗೆಯುತ್ತ ಮಧ್ಯಾಹ್ನ ಮಾಡಿದೆ.

ಈಗ ನೀರು ಬಾಗಿಲು ಮುಟ್ಟಿತ್ತು. ಗಾಲಿ ಗರಗರ ತಿರುಗುತ್ತಿತ್ತು, ಜೀಪು ಮಾತ್ರ ಮುನಿದ ಬೀಗರಂತೆ ಕೂತಲ್ಲೇ! ಲೋಹಿತ ಹಿಂದಿನಿಂದ ಎರಡು ಸಲ ನೂಕಿ, ಉಸಿರು ಸಾಲದೆ ಹಿಂಬಾಗಿಲಿಗೊರಗಿದ. ಸುತ್ತ ಒಂದು ಗಿಡವಿಲ್ಲ, ನರಪಿಳ್ಳೆಯಿಲ್ಲ. ಮೋಡ ಬೇರೆ ಕವಿಯುತ್ತಿತ್ತು.

“ಚೀಲ ಎಲ್ಲದಾವ?” ಮಾವ ಕೇಳಿದರು. ಗಾಲಿಯಡಿ ಹಾಸಿ ಹಿಡಿತ ಸಿಗಿಸಲು ಅವರು ಕಟ್ಟಿಕೊಂಡಿದ್ದ ಮದ್ದು ಅದೇ ಎಂದು ಆಗ ಹೊಳೆಯಿತು.

“ಚೀಲ ಇಲ್ರಿ... ಚಕ್ಕುಲಿ ಅದಾವ್ರಿ.”

ಮಾವ ಜೀಪಿನಿಂದ ಇಳಿದರು. ಹೊದ್ದ ಕೌದಿಯನ್ನು ತೆಗೆದು, ಕೊರೆಯುವ ನೀರಿಗೆ ಬಗ್ಗಿ, ಗಾಲಿಯಡಿ ತುರುಕಿದರು.

“ಬ್ಯಾಡ್ರಿ ಮಾವಾರ! ಅದು ಅತ್ತಿಯಾರದು!”

“ಕೂಸು ಒಳಗೈತಿ. ಒಂದನೇ ಗೇರ್ ಹಾಕು, ಸಾವಕಾಶ ಬಿಡು.”

ಜೀಪು ಗುರ್ರೆಂದು ದಂಡೆ ಏರಿತು. ಮಾವ ನೀರಿನಿಂದ ಎತ್ತಿತಂದ ಕೌದಿ ನಡುವೆ, ಅತ್ತೆಯ ಹಸಿರು ಇಳಕಲ್ ಸೀರೆಯ ತುಂಡಿದ್ದಲ್ಲಿ, ಸೀಳಿಹೋಗಿತ್ತು. ಅದನ್ನು ತಾವೇ ಹಿಂಡಿದರು. ಕಪ್ಪು ನೀರು ಬಹಳ ಹೊತ್ತು ಸುರಿಯಿತು.

“ತಪ್ಪಾತ್ರಿ,” ಎನ್ನುತ್ತ ನಾನು ಅತ್ತೇಬಿಟ್ಟೆ.

“ಅಳಬ್ಯಾಡವಾ. ಹರದಲ್ಲಿ ನಿನ್ನ ಸೀರಿದೊಂದು ತುಂಡು ಹಚ್ಚಿ ಹೊಲದು ಕೊಡು, ಅಷ್ಟ ಸಾಕು.” ಕೌದಿಯನ್ನು ನನ್ನ ಕೈಗಿಟ್ಟು, ವರ್ಷದ ಮೇಲೆ ಮೊದಲ ಸಲ ಮೀಸೆಯಡಿ ನಕ್ಕರು. “ಆದ್ರ ಸಾಲು ನೆಟ್ಟಗಿರಲಿ. ಗಾಡಿ ಹೊಡದಂಗ ಹೊಲಿಬ್ಯಾಡ!”