ಬಿಳಿ ಚೆಂಡು ನಿಲ್ಲುವ ಜಾಗ

ಆಗ ನನಗೆ ಅರವತ್ತೊಂದು. ಇದೆಲ್ಲ ನಡೆದು ಏಳು ವರ್ಷವಾಯಿತು. ಅರವತ್ತೊಂದಕ್ಕೆ ಹೆಂಗಸರು ಹೊಸದಾಗಿ ಏನಾದರೂ ಕಲಿತರೆ ಭಜನೆ ಕಲಿಯುತ್ತಾರೆ, ಇಲ್ಲವೇ ಬಿಪಿ ಗುಳಿಗೆ ಯಾವುದು, ಶುಗರ್ ಗುಳಿಗೆ ಯಾವುದು ಎಂದು ಗುರುತು ಹಿಡಿಯುವುದನ್ನು ಕಲಿಯುತ್ತಾರೆ. ನಾನು ಪೂಲ್ ಆಡುವುದನ್ನು ಕಲಿತೆ. ಆಸೆಪಟ್ಟು ಕಲಿತೆನೆಂದು ಯಾರೂ ತಿಳಿಯಬಾರದು. ನನ್ನ ಗಂಡನ ಅಕ್ಕ ಗಂಗಕ್ಕ ನಮ್ಮ ಮನೆಗೆ ಬಂದು ಖಾಯಂ ಆಗಿ ಉಳಿಯಬಾರದು ಎಂಬ ಒಂದೇ ಉದ್ದೇಶಕ್ಕೆ ಕಲಿತೆ. ಇದನ್ನು ಹೀಗೆ ನೇರವಾಗಿ ಹೇಳಿದರೆ ನಾನು ಕೆಟ್ಟವಳಾಗಿ ಕಾಣುತ್ತೇನೆ. ಕಾಣಲಿ. ಸುತ್ತಿ ಬಳಸಿ ಹೇಳುವಷ್ಟು ಓದಿದವಳಲ್ಲ ನಾನು.

ಬಳ್ಳಾರಿಯ ಪಾರ್ವತಿನಗರದಲ್ಲಿ ನಮ್ಮದು ಮಹಡಿ ಮನೆ. ಮೇಲೆ ನಾವು, ಕೆಳಗೆ ಮಗ ಬಸವರಾಜನ ಪೂಲ್ ಅಂಗಡಿ. ಅಂಗಡಿ ಎಂದರೆ ಅವನಿಗೆ ಸಿಟ್ಟು, ಪಾರ್ಲರ್ ಎನ್ನಬೇಕಂತೆ. ಹಸಿರು ಬಟ್ಟೆ ಹೊದಿಸಿದ ಎರಡು ಟೇಬಲ್, ಗೋಡೆಗೆ ಸಾಲಾಗಿ ನಿಲ್ಲಿಸಿದ ಕೋಲುಗಳು, ತಿರುಗುವಾಗ ಗೊಣಗುವ ಒಂದು ಫ್ಯಾನು. ಜೀನ್ಸ್ ಹೊಲಿಯುವ ಹುಡುಗರು, ಕಾಲೇಜಿಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಂದ ಹುಡುಗರು ಎಲ್ಲರೂ ಊಟದ ಹೊತ್ತಿನ ಮೇಲೆಯೇ ಬರುವುದು. ಮುಂಜಾನೆ ಖಾಲಿ. ಆ ಖಾಲಿ ಹೊತ್ತಿನಲ್ಲಿ ನಾನು ಕಸ ಹೊಡೆಯುತ್ತಿದ್ದೆ, ನಮ್ಮ ಮನೆಯವರು ಚೆಂಡು ಹೊಡೆಯುತ್ತಿದ್ದರು. ಅಕ್ಕಿ ಗಿರಣಿಯ ಕೆಲಸ ಬಿಟ್ಟ ಮೇಲೆ ಅವರಿಗೆ ಇದೊಂದು ಹುಚ್ಚು ಹತ್ತಿತ್ತು. ಅವರ ಆಟದಲ್ಲಿ ಸದ್ದೇ ಜಾಸ್ತಿ. ಚೆಂಡು ತೂತಿಗೆ ಬಿದ್ದರೆ ಬೀದಿಗೆಲ್ಲ ಕೇಳುವ ಹಾಗೆ "ಹಾ!" ಅನ್ನುವರು. ಬೀಳದಿದ್ದರೆ ಕೋಲಿನ ತುದಿ ನೋಡಿ ಅದಕ್ಕೆ ಬೈಯುವರು.

ಗಂಗಕ್ಕ ಇದ್ದದ್ದು ಕುರುಗೋಡಿನಲ್ಲಿ, ಮಗನ ಮನೆಯಲ್ಲಿ. ಗಂಡ ತೀರಿ ಬಹಳ ವರ್ಷವಾಗಿತ್ತು. ಸೊಸೆಗೂ ಅವಳಿಗೂ ಟಿವಿಯ ದನಿ ಎಷ್ಟಿರಬೇಕು ಎಂಬುದರ ಮೇಲೆ ಶುರುವಾದ ಜಗಳ ಉಪ್ಪು, ಹುಳಿ, ಕದ ಹಾಕುವ ರೀತಿ ಎಲ್ಲದಕ್ಕೂ ಹಬ್ಬಿತ್ತು. ನನ್ನ ತವರು ಸಿರುಗುಪ್ಪ. ನಾನು ಮದುವೆಯಾಗಿ ಬಂದ ದಿನವೇ ಗಂಗಕ್ಕ, "ಸಿರುಗುಪ್ಪದ ನೀರು ಕುಡದೋರು, ದನಿ ದೊಡ್ಡದು ಇರತೈತಿ, ನಡೀಲಿ ಬಿಡು" ಎಂದು ಹತ್ತು ಜನರ ಮುಂದೆ ಅಂದಿದ್ದಳು. ನನಗೆ ಪಿತ್ತಕೋಶದ ಆಪರೇಷನ್ ಆದಾಗ ನೋಡಲು ಬಂದವಳು ಮಂಚದ ಪಕ್ಕ ನಿಂತು ನರ್ಸಿಗೆ, "ಇಕಿ ಸಣ್ಣದಕ್ಕೂ ಒದರತಾಳ, ನೀನೇನು ಗಾಬರಿ ಆಗಬ್ಯಾಡ" ಎಂದು ತಿಳಿಸಿದಳು. ಮೂರು ದಿನಕ್ಕೆಂದು ಬಂದರೆ ನನ್ನ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಾಯಿಸಿರುತ್ತಿದ್ದವು. ಅಂಥವಳನ್ನು ಇವರು ಖಾಯಂ ಕರೆತರುತ್ತೇನೆಂದು ಕೂತರು.

ನಾನು ಆಗದು ಎಂದೆ. ಅವರು ಆಗಲೇಬೇಕು ಎಂದರು. ಉಣ್ಣುವಾಗ ಇದೇ ಮಾತು, ಮಲಗುವಾಗ ಇದೇ ಮಾತು. ಒಂದು ದಿನ ಬಸವರಾಜ ತಾಟು ಸರಿಸಿ ಎದ್ದ.

"ದಿನಾ ಇದ ಆತು. ನಿಮ್ಮಿಬ್ಬರಿಗೂ ಬಾಯಿಲೆ ಬಗೀಹರಿಯಂಗಿಲ್ಲ. ಕೆಳಗ ಟೇಬಲ್ ಖುಲ್ಲಾ ಐತಿ. ಒಂದು ಆಟ ಆಡ್ರಿ. ಗೆದ್ದೋರ ಮಾತು ನಡೀಲಿ. ನನಗ ಉಣ್ಣಾಕ ಬಿಡ್ರಿ."

ಅವನು ಬೇಸರಕ್ಕೆ ಅಂದದ್ದು. ಇವರು ಹಿಡಿದುಕೊಂಡರು. ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. "ಇಕಿ? ಇಕಿ ಕೈಯಾಗ ಕೋಲು ಕೊಟ್ರ ಜ್ಯಾಡರ ಬಲಿ ತೆಗೀತಾಳ!"

"ತೆಗೀತೀನಿ, ಮೊದಲು ನಿಮ್ಮ ತಲ್ಯಾಗಿಂದ ತೆಗೀತೀನಿ. ದಸರಾ ಕಳೀಲಿ, ಆಡೂಣು" ಎಂದೆ. ಅಂದ ಮೇಲೆ ಹೆದರಿಕೆಯಾಯಿತು. ದಸರೆಗೆ ಎರಡು ತಿಂಗಳು ಕೂಡ ಇರಲಿಲ್ಲ.

ಆಟದ ನಿಯಮ ಸರಳ. ಒಂದರಿಂದ ಒಂಬತ್ತರವರೆಗೆ ಅಂಕಿ ಬರೆದ ಚೆಂಡುಗಳು, ಜೊತೆಗೆ ನಾವು ಹೊಡೆಯುವ ಬಿಳಿ ಚೆಂಡು. ಟೇಬಲ್ ಮೇಲೆ ಉಳಿದದ್ದರಲ್ಲಿ ಯಾವುದು ಸಣ್ಣ ಅಂಕಿಯೋ ಅದಕ್ಕೇ ಬಿಳಿ ಮೊದಲು ತಾಗಬೇಕು. ಕೊನೆಗೆ ಒಂಬತ್ತನ್ನು ಯಾರು ತೂತಿಗೆ ಹಾಕಿದರೋ ಅವರು ಗೆದ್ದಂತೆ. ಒಂಬತ್ತರವರೆಗೆ ಎಣಿಕೆ, ಮೂರನೇ ಕ್ಲಾಸಿಗೆ ಸಾಲೆ ಬಿಟ್ಟವಳಿಗೆ ಅದು ಭಾರವಾಗಲಿಲ್ಲ. ಭಾರವಾದದ್ದು ಬೇರೆ. ಬಸವರಾಜ ಮೊದಲ ದಿನವೇ ಹೇಳಿದ: "ಅವ್ವಾ, ಬಾಲ್ ಒಳಗ ಹಾಕೋದು ಅಪ್ಪಗೂ ಬರತೈತಿ. ಹಾಕಿದ ಮ್ಯಾಲ ಬಿಳೇದು ಎಲ್ಲಿ ನಿಂದರತೈತಿ ಅನ್ನೋದು ಅಪ್ಪಗ ಗೊತ್ತಿಲ್ಲ. ನೀ ಅದನ್ನ ಕಲಿ. ಒಂದು ಹೊಡಿಯೂವಾಗ ಎರಡರ ಜಾಗಾ ನೋಡು."

ಇದು ನನಗೆ ಕೂಡಲೇ ತಿಳಿಯಿತು. ಸಿರುಗುಪ್ಪದಲ್ಲಿ ಗದ್ದೆಗೆ ಸಸಿ ಹಚ್ಚುವಾಗ ನಾವು ಹಿಂದಕ್ಕೆ ಹಿಂದಕ್ಕೆ ನಡೆಯುತ್ತೇವೆ. ಕೈಯಲ್ಲಿರುವ ಸಸಿ ಊರುವಾಗಲೇ ಮುಂದಿನ ಹೆಜ್ಜೆ ಎಲ್ಲಿ ಇಡಬೇಕೆಂದು ಗೊತ್ತಿರಬೇಕು, ಇಲ್ಲವಾದರೆ ಪಕ್ಕದವರು ಹಚ್ಚಿದ ಸಸಿಯನ್ನು ತುಳಿಯುತ್ತೇವೆ. ತಿಳಿಯುವುದು ಬೇರೆ, ಕೈಗೆ ಬರುವುದು ಬೇರೆ. ಬಿಳಿ ಚೆಂಡಿನ ನಡುವಿಗೆ ಹೊಡೆದರೆ ಅದು ಇನ್ನೊಂದು ಚೆಂಡಿಗೆ ತಾಗಿ ಅಲ್ಲೇ ನಿಂತುಬಿಡುತ್ತದೆ. ನನಗೆ ಬಹಳ ಹಿಡಿಸಿದ್ದು ಈ ಹೊಡೆತ. ಹೇಳಿದ ಕಡೆ ನಿಲ್ಲುವ ವಸ್ತು ನಮ್ಮ ಮನೆಯಲ್ಲಿ ಅದೊಂದೇ. ನಡುವಿಗಿಂತ ಮೇಲೆ ಹೊಡೆದರೆ ಮುಂದಿನ ಚೆಂಡಿನ ಹಿಂದೆಯೇ ಹೊರಡುತ್ತದೆ, ಊಟಕ್ಕೆ ಏಳಿ ಎಂದು ಕೂಗಿದಾಗ ಮದುವೆ ಮನೆಯ ಜನ ಎದ್ದ ಹಾಗೆ. ಕೆಳಗೆ ಹೊಡೆದರೆ ತಾಗಿ ವಾಪಸ್ಸು ಬರಬೇಕು. ನಾನು ಕೆಳಗೆ ಹೊಡೆದಾಗ ಅದು ವಾಪಸ್ಸು ಬರಲಿಲ್ಲ, ಹಾರಿತು. ಟೇಬಲ್ ದಾಟಿ, ಬಾಗಿಲು ದಾಟಿ, ರಸ್ತೆಗೆ ಹೋಯಿತು. ಆಟೋದವನೊಬ್ಬ ಅದನ್ನು ಎತ್ತಿ ತಂದು, "ಏನಮ್ಮಾ, ನಿಮ್ಮ ಕೋಳಿ ಭಾರಿ ಗಟ್ಟಿ ಮೊಟ್ಟಿ ಇಡತೈತಿ" ಎಂದು ಕೈಗೆ ಕೊಟ್ಟು ಹೋದ. ಬಸವರಾಜನಿಗೆ ಚೆಂಡಿನ ಚಿಂತೆ ಇರಲಿಲ್ಲ. ಅವನು ಟೇಬಲ್ಲಿಗೆ ಬಗ್ಗಿ ಬಟ್ಟೆ ಹರಿಯಿತೇನೋ ಎಂದು ಕೂಸಿನ ಬೆನ್ನು ಸವರಿದ ಹಾಗೆ ಸವರುತ್ತಿದ್ದ.

ದಿನಾ ಅದೇ. ಮಗ ಸೀಮೆಸುಣ್ಣದಲ್ಲಿ ಚುಕ್ಕೆ ಇಟ್ಟುಕೊಟ್ಟಿದ್ದ. ಆ ಚುಕ್ಕೆಯ ಮೇಲೆ ಒಂದು ಚೆಂಡು, ಈ ಚುಕ್ಕೆಯ ಮೇಲೆ ಬಿಳಿ. ಹೊಡೆ, ಎಲ್ಲಿ ನಿಂತಿತು ನೋಡು, ತಂದು ಮತ್ತೆ ಅಲ್ಲೇ ಇಡು, ಮತ್ತೆ ಹೊಡೆ. ಅಂಚಿಗೆ ತಾಗಿಸಿ ತಿರುಗಿಸುವುದು, ಉದ್ದಕ್ಕೆ ಓಡಿಸಿ ಮೆಲ್ಲಗೆ ನಿಲ್ಲಿಸುವುದು. ಬೇಸರದ ಕೆಲಸವೇ. ಆದರೆ ಜೀವನವೆಲ್ಲ ಅದೇ ಪಾತ್ರೆ ತೊಳೆದು ಅದೇ ಜಾಗದಲ್ಲಿ ಇಟ್ಟವಳಿಗೆ ಅದೇನು ಹೊಸದು.

ನಿಜವಾದ ತಂಟೆ ಬಳೆಯದು. ಕೋಲನ್ನು ಆನಿಸಲು ಎಡಗೈಯನ್ನು ಟೇಬಲ್ ಮೇಲೆ ಊರಬೇಕಲ್ಲ, ಆ ಕೈ ತುಂಬ ಹಸಿರು ಗಾಜಿನ ಬಳೆ. ಬಿಳಿ ಚೆಂಡಿನ ಬೆನ್ನಿಗೆ ಇನ್ನೊಂದು ಚೆಂಡು ನಿಂತಿದ್ದರೆ ಅದರ ಮೇಲಿಂದ ಬೆರಳು ಎತ್ತಿ ಹೊಡೆಯಬೇಕು. ಆಗ ಬಳೆ ಜಾರಿ ಆ ಚೆಂಡಿಗೆ ತಾಗುತ್ತದೆ. ತಾಗಿದರೆ ಫೌಲು, ಎದುರಿನವರು ಬಿಳಿಯನ್ನು ಎತ್ತಿ ಬೇಕಾದ ಕಡೆ ಇಟ್ಟುಕೊಂಡು ಹೊಡೆಯಬಹುದು. "ಸೆರಗು ತಾಗಿದ್ರೂ ಫೌಲು, ಬಳಿ ತಾಗಿದ್ರೂ ಫೌಲು" ಎಂದು ನಮ್ಮ ಮನೆಯವರು ಡಂಗುರ ಹೊಡೆದ ಹಾಗೆ ಸಾರಿದರು. ಸೆರಗನ್ನು ಸೊಂಟಕ್ಕೆ ಬಿಗಿದೆ. ಬಳೆ ಮೇಲಕ್ಕೆ ಸರಿಸಲು ನೋಡಿದೆ, ನನ್ನ ಕೈ ಸರಿಸಿಕೊಳ್ಳುವಂಥ ಕೈಯಲ್ಲ. ಬಟ್ಟೆ ಸುತ್ತಿದೆ, ಬಟ್ಟೆಯ ತುದಿಯೇ ಚೆಂಡಿಗೆ ತಾಗಿತು. ಕೋಲು ಆನಿಸುವ ರೆಸ್ಟ್ ಒಂದಿತ್ತಂತೆ, ಅದನ್ನು ಯಾವನೋ ಹಿಂದೆಯೇ ಮುರಿದಿದ್ದ.

"ತಗದಿಡವ್ವಾ, ಅಪ್ಪಗ ಏನೂ ಆಗಂಗಿಲ್ಲ" ಎಂದ ಮಗ. ಆಗುವುದಿಲ್ಲವೆಂದು ನನಗೂ ಗೊತ್ತು. ಗಂಡನ ಮೇಲಿನ ಭಕ್ತಿಯಿಂದ ತೆಗೆಯಲಿಲ್ಲ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ, ಆದರೆ ಸುಳ್ಳು. ನಾನು ಬಳೆ ತೆಗೆದ ವಾರದಲ್ಲಿ ಅವರಿಗೆ ಒಂದು ನೆಗಡಿ ಬಂದರೂ ಸಾಕು, ಗಂಗಕ್ಕನ ಕಿವಿಗೆ ಬೀಳುತ್ತದೆ. "ಕೋಲು ಚಂಡಿನ ಸಲುವಾಗಿ ನನ್ನ ತಮ್ಮನ ಜೀವಕ್ಕ ಎರವಾದ್ಲು" ಎಂದು ನಾನು ಸಾಯುವವರೆಗೂ, ಸತ್ತ ಮೇಲೂ ಹೇಳುತ್ತಾಳೆ. ಆ ನಾಲಿಗೆಯ ಹೆದರಿಕೆಗೆ ಬಳೆ ಕೈಯಲ್ಲಿ ಉಳಿಯಿತು. ಹಾಗಾಗಿ ಬಿಳಿ ಚೆಂಡು ಗುಂಪಿನ ನಡುವೆ ನಿಲ್ಲದಂತೆ, ಅಂಚಿನ ಹತ್ತಿರ ಒಂಟಿಯಾಗಿ ನಿಲ್ಲುವಂತೆ ಹೊಡೆಯುವುದೇ ನನ್ನ ಕಲಿಕೆಯಾಯಿತು. ಉಳಿದವರು ಮುಂದಿನ ಚೆಂಡಿಗಾಗಿ ಜಾಗ ನೋಡುತ್ತಾರೆ, ನಾನು ಬಳೆಗಾಗಿ ಜಾಗ ನೋಡುತ್ತಿದ್ದೆ.

ದಸರಾ ಕಳೆಯಿತು. ಆಟದ ದಿನ ನಮ್ಮ ಮನೆಯವರು ಮುಂಜಾನೆಯ ಮೊದಲ ಬಸ್ಸಿಗೆ ಕುರುಗೋಡಿಗೆ ಹೋಗಿ ಗಂಗಕ್ಕನನ್ನು ಟ್ರಂಕಿನ ಸಮೇತ ಕರೆದುಕೊಂಡೇ ಬಂದರು. "ಗೆದ್ದ ಮ್ಯಾಲ ಮತ್ತ ಯಾರು ಹೋಗಬೇಕು?" ಎಂದರು ನನ್ನ ಕಿವಿಯ ಹತ್ತಿರ. ಅಷ್ಟು ಧೈರ್ಯ. ಪಂದ್ಯದ ಸುದ್ದಿ ಅಕ್ಕನಿಗೆ ಹೇಳಿರಲಿಲ್ಲ. ಎಷ್ಟು ದಿನ ಬೇಕಾದರೂ ಇರು ಬಾ ಎಂದಷ್ಟೇ ಹೇಳಿದ್ದರು. ಅವಳು ಮೆಟ್ಟಿಲ ಬಳಿ ಟ್ರಂಕು ಇಡಿಸಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಎಲೆ ಅಡಿಕೆ ತೆಗೆದಳು. ಮೊದಲಿಗಿಂತ ಬಹಳ ಇಳಿದಿದ್ದಳು.

"ಏನಿದು, ಮುಂಜಾನೆ ಮುಂಜಾನೆ ಗಂಡ ಹೆಂಡತಿ ಕೋಲು ಹಿಡಕೊಂಡು ನಿಂತೀರಿ? ನಮ್ಮೂರಾಗ ಆಗಿದ್ರ ಪಂಚಾಯ್ತಿ ಸೇರಸತಿದ್ರು" ಎಂದಳು.

"ಆಟ, ಅತ್ತಿ. ಸುಮ್ನ ನೋಡು" ಎಂದ ಬಸವರಾಜ.

ಇವರು ಸಿಡಿಲಿನಂತೆ ಹೊಡೆದು ಶುರು ಮಾಡಿದರು. ಒಂದು, ಎರಡು, ಮೂರು ಬಿದ್ದವು, ಮೂರು ಸಲ "ಹಾ!" ಆಯಿತು. ಬಿಳಿ ಮಾತ್ರ ದೂರದ ಅಂಚಿಗೆ ಹೋಗಿ ಅಂಟಿಕೊಂಡಿತು, ನಾಲ್ಕು ತಪ್ಪಿತು. ನಾನು ನಾಲ್ಕನ್ನು ಹಾಕಿದೆ, ಐದನ್ನು ತಪ್ಪಿದೆ. ಅವರು ಐದು, ಆರು ಹಾಕಿ ಏಳನ್ನು ತಪ್ಪಿದರು. ನಾನು ಏಳನ್ನು ಹಾಕಿದೆ. ಅಲ್ಲಿಯವರೆಗೆ ಸರಿ. ಆದರೆ ಬಿಳಿ ನಾನು ಹೇಳಿದಲ್ಲಿ ನಿಲ್ಲದೆ ಇನ್ನೂ ಒಂದು ಗೇಣು ಉರುಳಿ, ಹೋಗಿ ಒಂಬತ್ತರ ಮುಂದೆ ನಿಂತಿತು. ಎಂಟು ಮೂಲೆಯ ತೂತಿನ ಬಾಯಲ್ಲಿದೆ, ಎದುರಿಗೆ ಬಿಳಿ, ಬಿಳಿಯ ಬೆನ್ನಿಗೆ ಒಂಬತ್ತು, ಮೂರೂ ಒಂದೇ ಗೆರೆಯಲ್ಲಿ. ಹೊಡೆಯುವುದು ಬಲು ಸುಲಭ. ಕೈ ಮಾತ್ರ ಒಂಬತ್ತರ ಮೇಲಿಂದಲೇ ಹೋಗಬೇಕು.

ನಾನು ಬೆರಳು ಎತ್ತಿ ನೋಡಿದೆ. ಬಳೆ ಜಾರಿದವು. ಕೈ ಹಿಂದಕ್ಕೆ ತೆಗೆದುಕೊಂಡೆ. ನಮ್ಮ ಮನೆಯವರು ಬಗ್ಗಿ, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ನನ್ನ ಬಳೆಯನ್ನೇ ನೋಡುತ್ತಿದ್ದರು.

ಗಂಗಕ್ಕ ಬಾಯಲ್ಲಿದ್ದ ಎಲೆಯನ್ನು ಒಂದು ಕೆನ್ನೆಗೆ ಸರಿಸಿದಳು. "ಏ ಈರಮ್ಮ, ಬಳಿ ತಗದು ಆಡು."

"ಬ್ಯಾಡಕ್ಕ."

"ಯಾಕ? ಇವನೇನು ಬಳಿಲೆ ಉಸಿರಾಡತಾನೇನು? ತಗಿ. ಇಲ್ಲಿ ಕೊಡು, ನಾ ಹಿಡ್ಕೊಂತೀನಿ."

ನಾನು ಯಾರ ನಾಲಿಗೆಗೆ ಹೆದರಿ ಎರಡು ತಿಂಗಳು ಅಂಚು ಹಿಡಿದು ಆಡಿದೆನೋ ಆ ನಾಲಿಗೆಯೇ ಹೀಗೆ ಅಂದಿತು. ಮಗ ಬಚ್ಚಲಿನಿಂದ ಸಾಬೂನು ತಂದ. ಬಟ್ಟೆಯ ಮೇಲೆ ಹನಿ ಬಿದ್ದೀತೆಂದು ನನ್ನನ್ನು ಬಾಗಿಲವರೆಗೆ ಎಳೆದುಕೊಂಡು ಹೋದ. ಒಂದೊಂದೇ ಬಳೆ ತೆಗೆದು ಗಂಗಕ್ಕನಿಗೆ ಕೊಟ್ಟೆ. "ಮಡಲಾಗ ಇಟ್ರ ಒಡದಾವು" ಎಂದು ಅವಳು ಅವನ್ನು ತನ್ನ ಕೈಗೇ ಹಾಕಿಕೊಂಡಳು. ಬರಿಗೈ, ಸಣ್ಣ ಕೈ, ಸಲೀಸಾಗಿ ಹೋದವು.

ನಾನು ಬಂದು ಬೆರಳು ಊರಿದೆ. ನಡುವಿಗೆ ಹೊಡೆದೆ. ಎಂಟು ಬಿತ್ತು, ಬಿಳಿ ಎಂಟು ನಿಂತಿದ್ದ ಜಾಗದಲ್ಲೇ ನಿಂತಿತು. ಅಲ್ಲಿಂದ ನೋಡಿದರೆ ಒಂಬತ್ತು, ಒಂಬತ್ತರ ಆಚೆ ಎದುರು ಮೂಲೆಯ ತೂತು, ನೇರ. ಅಂಚಿನ ಮೇಲೆ ಕೈ ಊರಿ ಹೊಡೆಯುವುದು, ನನಗೆ ಅಭ್ಯಾಸವಾದದ್ದು. ಒಂಬತ್ತು ಉದ್ದಕ್ಕೆ ಹೋಗಿ ಬಿತ್ತು. ನಾನು "ಹಾ!" ಅನ್ನಲಿಲ್ಲ.

ನಮ್ಮ ಮನೆಯವರು ಕೋಲನ್ನು ಗೋಡೆಗೆ ನಿಲ್ಲಿಸಿದರು. ಮೂಗು ಒರೆಸಿಕೊಂಡು, ಮೆಲ್ಲಗೆ, "ಮಾತಂದ್ರ ಮಾತು. ಸಂಜಿಗೆ ಬಸ್ ಐತಿ. ನೀನ ಹೇಳು ಆಕಿಗೆ" ಎಂದರು. ಮಗನ ಮುಖ ನೋಡಿದೆ. "ಗೆದ್ದೋರು ಹೇಳಬೇಕವ್ವಾ" ಎಂದು ಅವನು ಮೊಬೈಲ್ ತೆಗೆದ.

ಗಂಗಕ್ಕ ಆಟದ ಕಡೆ ನೋಡುತ್ತಿರಲಿಲ್ಲ. ಕೈಯನ್ನು ಸ್ವಲ್ಪ ಎತ್ತುವಳು, ಬಳೆ ಸದ್ದಾಗುವುದು, ಇಳಿಸುವಳು. ಮತ್ತೆ ಎತ್ತುವಳು.

"ಅಕ್ಕಾ" ಎಂದೆ.

"ಆತೇನು? ಯಾರು ಗೆದ್ರು?"

"ನಾನು."

"ಛಲೋ ಆತು ಬಿಡು. ಸಣ್ಣಾವಿದ್ದಾಗಿಂದ ಇವನ್ನ ಗೆಲ್ಲಿಸಿ ಗೆಲ್ಲಿಸಿ ನಾವ ಕೆಡಿಸೀವಿ. ಸೋಲೂ ಆಟ ಆಡಿ ನನಗ ಸಾಕಾಗಿತ್ತು" ಎಂದು ಎದ್ದು ಬಂದು ನನ್ನ ಎಡಗೈ ಹಿಡಿದಳು. ಬಳೆಗಳನ್ನು ಒಂದೊಂದಾಗಿ ತನ್ನ ಕೈಯಿಂದ ತೆಗೆದು ನನ್ನ ಕೈಗೆ ಏರಿಸತೊಡಗಿದಳು. ತೆಗೆಯುವುದಕ್ಕಿಂತ ಏರಿಸುವುದು ಕಷ್ಟ. "ಕೈಯೋ, ಕುಂಬಳಕಾಯೋ" ಎಂದು ಬೈಯುತ್ತ, ಸಾಬೂನು ತಿಕ್ಕುತ್ತ, ಒಂದನ್ನೂ ಒಡೆಯದೆ ಹಾಕಿದಳು. ಹೇಳಬೇಕಾದ ಮಾತು ನನ್ನ ಬಾಯಲ್ಲಿತ್ತು. ಹೇಳಲಿಲ್ಲ. ಮರುಕ ಎಂದು ತಿಳಿಯಬೇಡಿ. ಬಳೆ ಇನ್ನೂ ಅವಳ ಕೈಯಲ್ಲಿದ್ದವು, ಸಿಟ್ಟಿಗೆ ಹಿಸುಕಿದರೆ ನನ್ನ ಕೈಗೇ ಗಾಜು ಚುಚ್ಚುತ್ತಿತ್ತು. ಎಲ್ಲ ಹಾಕಿ ಮುಗಿದ ಮೇಲೂ ಹೇಳಲಿಲ್ಲ, ಅದಕ್ಕೆ ಕೊಡಲು ನನ್ನ ಹತ್ತಿರ ಗಾಜಿನ ನೆಪವೂ ಇಲ್ಲ. ಒಂದೊಂದು ಚೆಂಡು ಬಿದ್ದ ಮೇಲೆ ಬಿಳಿ ಎಲ್ಲಿ ನಿಲ್ಲಬೇಕೆಂದು ಅಷ್ಟು ದಿನ ಕಲಿತೆ. ಒಂಬತ್ತು ಬಿದ್ದ ಮೇಲೆ ನಾನು ಎಲ್ಲಿ ನಿಲ್ಲಬೇಕೆಂದು ನನಗೆ ಯಾರೂ ಚುಕ್ಕೆ ಇಟ್ಟು ಕಲಿಸಿರಲಿಲ್ಲ. ಸಂಜೆಯ ಬಸ್ಸು ಹೋಯಿತು. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಮುಂಜಾನೆ ಹೇಳುವುದಕ್ಕೆಂದೇ ಬೇಗ ಎದ್ದೆ. ಗಂಗಕ್ಕ ಅದಕ್ಕೂ ಮೊದಲೇ ಎದ್ದು, ಮಿಂದು, ಗ್ಯಾಸಿನ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದಳು. ನಾನು ಹಿಟ್ಟು ನಾದಿದೆ, ಮೊದಲ ರೊಟ್ಟಿ ಬಡಿದು ಬೇಯಿಸಿದೆ. ಅವಳು ಅದನ್ನು ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ, "ದಪ್ಪ ಆತು" ಎಂದಳು. ನಾನು ಎರಡನೆಯದನ್ನು ತೆಳ್ಳಗೆ ಬಡಿದೆ.